ಬಿಲ್ಲು ಆಮೇಲೆ

ಕುಮಟೆಯಿಂದ ನಮ್ಮ ಕಡಲದಂಡೆಯ ಶಾಲೆಗೆ ಅನುದಾನದ ಆಡಿಟ್‌ಗೆ ಬರುತ್ತಿದ್ದ ಸಾಹೇಬರದು ಒಂದೇ ಮಾತು: “ಬಿಲ್ಲು ಆಮೇಲೆ, ಮೊದ್ಲು ಸಾಮಾನು ತೋರ್ಸಿ.” ಕೇಂದ್ರದ ದುಡ್ಡಲ್ಲಿ ಕೊಂಡದ್ದು ಕುರ್ಚಿಯಾದರೆ ಕೂತು ಅಲ್ಲಾಡುವರು, ಫಿಲ್ಟರಾದರೆ ಎರಡು ಲೋಟ ನೀರು ಕುಡಿಯುವರು. ಒಮ್ಮೆ ಹೊಸ ಗಂಟೆ ಬಾರಿಸಿ ನೋಡಿದ್ದಕ್ಕೆ ಮಕ್ಕಳೆಲ್ಲ ಪಾಟಿಚೀಲ ಹೊತ್ತು ಮನೆಗೆ ಓಡಿದ್ದರು.

ಆ ಸಲ ಆಟದ ಸಾಮಾನಿನ ಸರದಿ. ಆಡಿಟ್‌ನಲ್ಲಿ ಹೊಸದಾಗಿಯೇ ಕಾಣಲಿ ಎಂದು ನಮ್ಮ ಹೆಡ್ ಅಕ್ಕೋರು ಫುಟ್‌ಬಾಲನ್ನು ಪ್ಲಾಸ್ಟಿಕ್ ಸಮೇತ ಕಪಾಟಿನಲ್ಲಿಟ್ಟು ಬೀಗ ಜಡಿದಿದ್ದರು. ಅಂಗಳದಲ್ಲಿ ಮಕ್ಕಳು ಹಳೇ ಬಲೆ ಸುತ್ತಿದ ಉಂಡೆ ಒದೆಯುತ್ತಿದ್ದರು.

“ಒಂದು ಗೀರೂ ಬಿದ್ದಿಲ್ಲ ಸರ್,” ಎಂದರು ಅಕ್ಕೋರು ಹೆಮ್ಮೆಯಿಂದ.

“ಎಂತ ಅಕ್ಕೋರೆ, ಇಲ್ಲಿ ಆಡೂದು ಮಕ್ಕಳಾ, ಕಪಾಟಾ?” ಎಂದವರೇ ಸಾಹೇಬರು ಪ್ಲಾಸ್ಟಿಕ್ ಹರಿದು, ಚೆಂಡನ್ನು ಬಾಗಿಲಾಚೆ ಒದ್ದರು. ‘ಬಳಕೆಯಾಗಿಲ್ಲ’ ಎಂದು ಆಕ್ಷೇಪವನ್ನೂ ಬರೆದು ಹೋದರು.

ಮರುವರ್ಷ ಅವರ ಸ್ಕೂಟರ್ ಸದ್ದಿಗೇ ಅಕ್ಕೋರ ಮುಖ ಬಿಳುಚಿತು. ಚೆಂಡಿನ ಸಿಪ್ಪೆ ಸುಲಿದು, ಗಾಳಿ ಹೋಗಿ, ಒಳಗೆ ಮರಳು ಹೊಕ್ಕಿತ್ತು. ಅಂಜುತ್ತಲೇ ಮುಂದಿಟ್ಟರು. ಸಾಹೇಬರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಮರಳಿನ ಸದ್ದು ಕೇಳಿ ನಕ್ಕರು.

“ಆತು. ಈಗ ಬಿಲ್ಲು ತೋರ್ಸಿ.”