ಬತ್ತಿದ ಈಜುಕೊಳದ ದೊಡ್ಡಕ್ಕ

ಸಮುದಾಯ ಕಲೆಯ ಕ್ಷೇತ್ರದಲ್ಲಿ ವೇದಿಕೆ ಹತ್ತಿದವರನ್ನು ಜನ ನೆನೆಯುತ್ತಾರೆ. ಹತ್ತಲು ಮೆಟ್ಟಿಲು ಹಾಕಿಕೊಟ್ಟವರನ್ನು ನೆನೆಯುವುದು ಅಪರೂಪ. ಆಫ್ರಿಕಾದಿಂದ ಬಂದು ನೆಲೆಸಿದ ಕಲಾವಿದರಿಗೂ, ಸಂಖ್ಯೆಯಲ್ಲಿ ಸಣ್ಣವಾದ ಇತರ ಸಮುದಾಯಗಳ ಹಾಡುಗಾರರಿಗೂ, ವಾದ್ಯಗಾರರಿಗೂ ಇಪ್ಪತ್ತೆಂಟು ವರ್ಷ ಇಂಥ ಮೆಟ್ಟಿಲಾಗಿ ನಿಂತವರು ನಮ್ಮ ಕಲಾಕೇಂದ್ರದ ಸಂಚಾಲಕಿ. ಕಡತಗಳಲ್ಲಿ ಅವರ ಹುದ್ದೆಯ ಹೆಸರು ಉದ್ದವಾಗಿದೆ. ಬಾಯಿಮಾತಿನಲ್ಲಿ ಅವರು ಎಲ್ಲರಿಗೂ ದೊಡ್ಡಕ್ಕ.

ಕೈಬಿಟ್ಟಿದ್ದ ಒಂದು ಈಜುಕೊಳದ ಕಟ್ಟಡವನ್ನು ಪಡೆದು ಅವರು ಈ ಕೇಂದ್ರ ಆರಂಭಿಸಿದರು. ನೀರು ಬತ್ತಿದ ಕೊಳವೇ ಸಭಾಂಗಣ, ಅದರ ಆಳದ ತುದಿಯೇ ವೇದಿಕೆ, ಬಟ್ಟೆ ಬದಲಿಸುವ ಕೋಣೆಗಳೇ ಅಭ್ಯಾಸದ ಕೊಠಡಿಗಳು. ಕೂಲಿ ಮಾಡುವ ಕಲಾವಿದರ ಪಾಳಿಯನ್ನು ಕೇಳಿಕೊಂಡು ಕೇಂದ್ರದ ವೇಳಾಪಟ್ಟಿ ಬರೆದವರು ಅವರು. ಬಸ್ ಓಡಿಸುವ ಹಾಡುಗಾರ್ತಿಯೊಬ್ಬರಿಗಾಗಿ ಒಂದು ವರ್ಷವಿಡೀ ಬೆಳಗಿನ ಐದಕ್ಕೆ ಬಂದು ಬಾಗಿಲು ತೆರೆದಿದ್ದಾರೆ. ಹೊಸ ಕಲಾವಿದರ ಹೆಸರನ್ನು ವೇದಿಕೆಯಲ್ಲಿ ಕರೆಯುವ ಮೊದಲು, ಪಾತ್ರೆ ತೊಳೆಯುತ್ತ ಹತ್ತಾರು ಬಾರಿ ಹೇಳಿಕೊಂಡು ನಾಲಗೆ ಪಳಗಿಸುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಪದವಿ ಮುಗಿಸಿ, ಸಭೆಗಳ ನಡಾವಳಿ ಬರೆಯುವ ಕೆಲಸಕ್ಕೆ ನಾನು ಸೇರಿದ್ದು ಆರು ವರ್ಷಗಳ ಹಿಂದೆ. ನಾನು ಜನರಿಗಿಂತ ದಿನಚರಿಯ ಪುಟದೊಡನೆ ಹೆಚ್ಚು ಮಾತಾಡುವವಳು. ಸೇರಿದ ಮೊದಲ ವಾರ ಬರೆದದ್ದು ಹೀಗಿದೆ: ‘ಇಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ. ಒಬ್ಬರು ಸುಮ್ಮನಿದ್ದರೆ ಗೊತ್ತಾಗುವುದಿಲ್ಲ. ಒಳ್ಳೆಯದು.’

ಆಗ ವರ್ಷಕ್ಕೊಮ್ಮೆ ‘ಆಫ್ರಿಕಾ ಸಂಜೆ’ ಎಂಬ ಒಂದೇ ಕಾರ್ಯಕ್ರಮ ನಡೆಯುತ್ತಿತ್ತು. ಚರ್ಮವಾದ್ಯ ನುಡಿಸುವ ನಮ್ಮ ಡೋಲಣ್ಣ ಒಮ್ಮೆ ಗೋಡೆಯ ಪೋಸ್ಟರ್ ನೋಡಿ, ಪಕ್ಕದಲ್ಲಿದ್ದ ತಂತಿವಾದ್ಯಗಾರರತ್ತ ಕೈತೋರಿ ನಕ್ಕರು. “ದೊಡ್ಡಕ್ಕ, ನಮ್ಮೂರಿಂದ ಈ ತಂತಿಯಣ್ಣನ ಊರಿಗೆ ಬಸ್ಸಲ್ಲಿ ಹೋದ್ರೆ ಹತ್ತು ದಿನ ಬೇಕು. ನಿಮ್ಮ ಪೋಸ್ಟರಲ್ಲಿ ಮಾತ್ರ ನಾವು ಅಕ್ಕಪಕ್ಕದ ಮನೆಯವರು!” ದೊಡ್ಡಕ್ಕನವರೂ ನಕ್ಕರು, ಆದರೆ ಮಾರನೆಯ ವರ್ಷದಿಂದ ಆ ಸಂಜೆಯನ್ನು ನಿಲ್ಲಿಸಿ, ಒಬ್ಬೊಬ್ಬರಿಗೂ ಅವರದೇ ಆದ ಸಂಜೆಯನ್ನು ಮೀಸಲಿಟ್ಟರು.

ಮೊದಲ ಸಂಜೆ ತಂತಿಯಣ್ಣನವರದು. ಹಗಲು ಬೇಕರಿಯಲ್ಲಿ ಹಿಟ್ಟು ನಾದುವ ಅವರು ನುಡಿಸುವುದು ಕೋರಾ. ದೊಡ್ಡ ಸೋರೆಬುರುಡೆಯ ಅರ್ಧಕ್ಕೆ ಹಸುವಿನ ತೊಗಲು ಬಿಗಿದು ಇಪ್ಪತ್ತೊಂದು ತಂತಿ ಕಟ್ಟಿದ ವಾದ್ಯ. ಅದನ್ನು ಮಾಡಿದವರು ಅವರ ತಂದೆ. ಮಧ್ಯಾಹ್ನ ವಾದ್ಯವನ್ನು ನನ್ನ ವಶಕ್ಕೆ ಕೊಟ್ಟು, “ಬಿಸಿ ಹತ್ರ ಮಾತ್ರ ಇಡ್ಬೇಡಿ ತಂಗಿ,” ಎಂದು ಹೇಳಿ ಉಳಿದ ಪಾಳಿ ಮುಗಿಸಲು ಹೋದರು.

ಅಂದು ಕೊರೆಯುವ ಚಳಿ. ಡೋಲುಗಳನ್ನು ಹೀಟರಿನ ಬಳಿ ಇಡುವುದು ನಮ್ಮಲ್ಲಿ ರೂಢಿ. ಬಿಸಿಗೆ ತೊಗಲು ಬಿಗಿದು ನಾದ ತೆರೆದುಕೊಳ್ಳುತ್ತದೆಂದು ಡೋಲಣ್ಣನೇ ಕಲಿಸಿದ್ದರು. ದೊಡ್ಡಕ್ಕನವರು, “ಪಾಪ, ಇದೂ ಥಂಡಿಗೆ ಮುದುಡಿಕೊಂಡಿದೆ,” ಎನ್ನುತ್ತ ಕೋರಾವನ್ನು ಕೂಸಿನಂತೆ ಎತ್ತಿ ಡೋಲುಗಳ ಪಕ್ಕದಲ್ಲಿಟ್ಟರು. ನಾನು ಬಾಯಿ ತೆರೆದೆ. ಅವರಿಗೆ ಗೊತ್ತಿಲ್ಲದ್ದು ನನಗೇನು ಗೊತ್ತು ಎಂದು ಮುಚ್ಚಿಕೊಂಡೆ. ಒಂದು ಗಂಟೆಯ ನಂತರ ಚಟಕ್ಕೆಂದು ಸದ್ದಾಯಿತು. ಬುರುಡೆ ಉದ್ದಕ್ಕೂ ಬಿರುಕು ಬಿಟ್ಟಿತ್ತು.

“ನಿಂಗೆ ಗೊತ್ತಿತ್ತಾ?” ಎಂದು ದೊಡ್ಡಕ್ಕನವರು ನನ್ನ ಮುಖ ನೋಡಿ ಕೇಳಿದರು.

“ಗೊತ್ತಿತ್ತು.”

ಅವರು ಗದರಲಿಲ್ಲ. ಕೊಳದ ಮೆಟ್ಟಿಲ ಮೇಲೆ ಕುಳಿತರು. “ನಾನು ಕೇಳ್ಲಿಲ್ಲ, ನೀನು ಹೇಳ್ಲಿಲ್ಲ. ನನ್ನರ್ಧ ನಾನು ಹೇಳ್ತೀನಿ, ನಿನ್ನರ್ಧ ನೀನೇ ಹೇಳ್ಬೇಕು. ಅದನ್ನೂ ನಾನೇ ಹೇಳ್ಬಿಟ್ರೆ ನೀನು ಜನ್ಮದಲ್ಲಿ ಬಾಯಿ ಬಿಡಲ್ಲ.”

ತೋಳಿನ ಮೇಲೆ ಹಿಟ್ಟಿನ ಬಿಳುಪನ್ನು ಹೊತ್ತೇ ಬಂದ ತಂತಿಯಣ್ಣನವರಿಗೆ ದೊಡ್ಡಕ್ಕನವರು ಹೇಳಿದರು. ನಾನೂ ಹೇಳಿದೆ. ತಂತಿಯಣ್ಣನವರು ಬಿರುಕಿನ ಮೇಲೆ ಬೆರಳಾಡಿಸಿ, ಕೋರಾಕ್ಕೆ ಬಟ್ಟೆ ಸುತ್ತಿಕೊಂಡು ಹೊರಟುಹೋದರು.

ಸಭಾಂಗಣ ಆಗಲೇ ತುಂಬುತ್ತಿತ್ತು. “ಕಲಾವಿದರಿಗೆ ಜ್ವರ ಅಂತ ಹೇಳ್ಬಿಡಿ ಅಕ್ಕ, ಯಾರು ಥರ್ಮಾಮೀಟರ್ ಹಿಡಿದು ನೋಡ್ತಾರೆ?” ಎಂದರು ಡೋಲಣ್ಣ. “ಮಾಡಿದ್ದು ನಾನು, ಅವರಿಗ್ಯಾಕೆ ಜ್ವರ ಬರಿಸ್ಲಿ?” ಎಂದು ದೊಡ್ಡಕ್ಕನವರು ನೇರ ವೇದಿಕೆಗೆ ಹೋಗಿ, ನೂರೈವತ್ತು ಜನರೆದುರು ನಡೆದದ್ದನ್ನು ನಡೆದಂತೆ ಹೇಳಿ ಕ್ಷಮೆ ಕೇಳಿದರು. ಆ ರಾತ್ರಿಯ ನನ್ನ ದಿನಚರಿಯಲ್ಲಿ ಒಂದೇ ಸಾಲಿದೆ: ‘ಅವರ ಧ್ವನಿ ನಡುಗಿತು, ಆದರೂ ನಿಲ್ಲಿಸಲಿಲ್ಲ.’

ಹನ್ನೊಂದು ವಾರ ತಂತಿಯಣ್ಣನವರು ಕೇಂದ್ರದತ್ತ ತಲೆ ಹಾಕಲಿಲ್ಲ. ಇನ್ನು ನುಡಿಸುವುದೇ ಇಲ್ಲವಂತೆ ಎಂಬ ಮಾತೂ ಹರಡಿತು. ದೊಡ್ಡಕ್ಕನವರು ವಾರಕ್ಕೊಮ್ಮೆ ಆ ಬೇಕರಿಯ ಸರತಿಯಲ್ಲಿ ನಿಂತು ಬ್ರೆಡ್ಡು ಕೊಂಡು ಬರುತ್ತಿದ್ದರು. “ಕರೆಯೋಕಲ್ಲ ಕಣೆ, ಗಿರಾಕಿಯಾಗಿ ಹೋಗ್ತೀನಿ,” ಎನ್ನುತ್ತಿದ್ದರು. ಐದನೆಯ ವಾರ ಅವರು ಬುರುಡೆಯ ಅಳತೆ ಕೇಳಿದರು. ತಂತಿಯಣ್ಣನವರು ಕಾಗದದ ಚೀಲದ ಮೇಲೆ ಬರೆದುಕೊಟ್ಟರು. ಆಫ್ರಿಕಾದ ಊರಲ್ಲಿದ್ದ ಅವರ ಅಕ್ಕನಿಗೆ ಹೊಸ ಬುರುಡೆಗಾಗಿ ಪತ್ರ ಹೋಯಿತು. ಕಂಬಳಿ ಸುತ್ತಿಕೊಂಡು ಬುರುಡೆ ಬಂದಿಳಿದ ದಿನ ದೊಡ್ಡಕ್ಕನವರು ತಮ್ಮ ಮೇಜನ್ನು ಓಣಿಗೆ ಎಳೆಸಿ, ಕೋರಾ ಕಟ್ಟಲೆಂದು ಸ್ವಂತ ಕಚೇರಿಯನ್ನೇ ಖಾಲಿ ಮಾಡಿಸಿದರು.

ಬುರುಡೆ ನೋಡಲೆಂದು ತಂತಿಯಣ್ಣನವರು ಬಂದರು. ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. “ನಡೆಯುತ್ತೆ,” ಎಂದರು. ಒದ್ದೆ ತೊಗಲಿನ ಒಂದಂಚನ್ನು ದೊಡ್ಡಕ್ಕನವರು, ಇನ್ನೊಂದಂಚನ್ನು ನಾನು ಜಗ್ಗಿ ಹಿಡಿದೆವು. ಅವರು ಮೊಳೆ ಹೊಡೆದರು. ಹಿಡಿಯುವ ಮೊದಲು ದೊಡ್ಡಕ್ಕನವರು ಎಲ್ಲಿ ಹಿಡಿಯಲಿ, ಎಷ್ಟು ಜಗ್ಗಲಿ, ಎಲ್ಲಿ ಒಣಗಿಸಲಿ ಎಂದು ಎಷ್ಟು ಸಲ ಕೇಳಿದರೆಂದರೆ, “ಅಕ್ಕ, ಉಸಿರಾಡೋಕೆ ನನ್ನ ಕೇಳ್ಬೇಡಿ,” ಎಂದು ಅವರು ನಕ್ಕೇಬಿಟ್ಟರು. ಆ ಕೋಣೆ ಮತ್ತೆಂದೂ ಕಚೇರಿಯಾಗಲಿಲ್ಲ. ಇಂದು ಅದು ವಾದ್ಯಗಳ ದುರಸ್ತಿ ಕೊಠಡಿ. ಎಲ್ಲಿಯೂ ರಿಪೇರಿ ಸಿಗದ ವಾದ್ಯಗಳು ಏಳೆಂಟು ಸಮುದಾಯಗಳಿಂದ ಅಲ್ಲಿಗೆ ಬರುತ್ತವೆ.

ವಸಂತದಲ್ಲಿ ತಂತಿಯಣ್ಣನವರ ಸಂಜೆ ನಡೆಯಿತು. ಜನರ ವಂಶಾವಳಿಯನ್ನು ಹಾಡಿ ಉಳಿಸುವುದು ಅವರ ಮನೆತನದ ವೃತ್ತಿ. ಅಂದು ಅವರು ಹಾಡಿದ್ದು ಆ ಕೋರಾದ ವಂಶಾವಳಿ. ಹಾಡುವ ಮೊದಲು ನಮ್ಮ ಮಾತಿನಲ್ಲಿ ಅರ್ಥವನ್ನೂ ಹೇಳಿದರು. ಅಪ್ಪ ಕೊರೆದ ಬುರುಡೆ, ಅಕ್ಕ ಕಳಿಸಿದ ಬುರುಡೆ, ನಡುವೆ ಒಂದು ಚಳಿಗಾಲ. ಆ ಚಳಿಗಾಲದಲ್ಲಿ ಅದನ್ನು ಒಡೆದ ಇಬ್ಬರು ಹೆಂಗಸರು, ಒಡೆದೆವೆಂದು ಎದುರು ನಿಂತು ಹೇಳಿದ ಇಬ್ಬರು ಹೆಂಗಸರು.

ಕಾರ್ಯಕ್ರಮ ಮುಗಿದ ಮೇಲೆ ದೊಡ್ಡಕ್ಕನವರು ಸಂಕೋಚದಿಂದ, “ನಾವು ಒಡೆದದ್ದರ ಸಾಲೊಂದು ಬಿಟ್ಬಿಡಬಾರ್ದಿತ್ತಾ?” ಎಂದರು.

“ವಂಶಾವಳೀಲಿ ಒಬ್ಬರನ್ನ ಬಿಟ್ರೆ ಮುಂದಿನವರು ಎಲ್ಲಿಂದ ಹುಟ್ತಾರೆ ಅಕ್ಕ?”

ದೊಡ್ಡಕ್ಕನವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಗ್ರಂಥದಲ್ಲಿ ತಪ್ಪಿನ ಕತೆ ಏಕೆಂದು ಓದುಗರು ಕೇಳಿದರೆ, ನನ್ನ ಉತ್ತರವೂ ಇದೇ. ಹೊಗಳಿಕೆ ಹೇಗಿರಬೇಕೆಂದು ನಾನು ಕಲಿತದ್ದು ಆ ಹಾಡಿನಿಂದ.

ದೊಡ್ಡಕ್ಕನವರು ಈ ತಿಂಗಳು ನಿವೃತ್ತರಾಗುತ್ತಿರುವುದು ಹುದ್ದೆಯಿಂದಷ್ಟೇ. ದುರಸ್ತಿ ಕೊಠಡಿಯಲ್ಲಿ ವಾರಕ್ಕೆ ಮೂರು ದಿನ ಕೂರುವುದಾಗಿ ಈಗಾಗಲೇ ಹೇಳಿದ್ದಾರೆ. ಅವರ ಕಣ್ಣು, ಕೈ, ಕಿವಿ ಬಹುಕಾಲ ಚುರುಕಾಗಿರಲಿ. ಅವರಿಂದ ಜೀವ ಪಡೆದ ವಾದ್ಯಗಳ ವಂಶ ಬೆಳೆಯಲಿ. ಅದನ್ನೆಲ್ಲ ಹಾಡಿ ಮುಗಿಸಲು ತಂತಿಯಣ್ಣನವರಿಗೆ ಒಂದು ಸಂಜೆ ಸಾಲದೆ ಹೋಗಲಿ.