ಸೇವೆ ನಮ್ದೇ, ಬಸ್ಸು ನಮ್ದಲ್ಲ

ಅವರ ಕುತ್ತಿಗೆಯಲ್ಲಿ ಸದಾ ಎರಡು ವಸ್ತು ನೇತಾಡುತ್ತಿದ್ದವು: ಅಳತೆಯ ಟೇಪು, ಪರೇಡಿನ ಸೀಟಿ. ಗುಂಡ್ಲುಪೇಟೆಯಲ್ಲಿ ವಾರವೆಲ್ಲ ಟೈಲರ್, ಭಾನುವಾರ ನಮ್ಮ ಗೃಹರಕ್ಷಕ ದಳದ ಕಮಾಂಡರ್. ಗಿರಾಕಿ ಬೆನ್ನು ಬಗ್ಗಿಸಿ ನಿಂತರೆ ಅಳತೆ ತೆಗೆಯುತ್ತಲೇ “ಸಾವ್‌ಧಾನ್!” ಎಂದು ಗದರುತ್ತಿದ್ದರು.

ತೊಂಬತ್ತರ ದಶಕದ ಕೊನೆ. ನಮ್ಮದು ಸಂಬಳದ ಕೆಲಸವಲ್ಲ. ಪೊಲೀಸರು ಬಂದೋಬಸ್ತಿಗೆ ಕರೆದ ದಿನ ಒಂದಿಷ್ಟು ಭತ್ಯೆ. ಪರೇಡಿನ ಭತ್ಯೆಯಂತೂ ಭೀಮನಬೀಡಿನಿಂದ ಬರುವ ನನ್ನಂಥವಳ ಬಸ್ಸಿಗೂ ಸಾಲದು. ಅರಿಸಿನ ಬೇಯಿಸುವ ಕಾಲ ಬಂತೆಂದರೆ ಒಳ್ಳೆಯ ಕೂಲಿ. ಪರೇಡು ಮೈದಾನ ಭಣಭಣ. ಕಮಾಂಡರ್ ದೇಶಸೇವೆಯ ಭಾಷಣ ಬಿಗಿದವರೇ ಅಲ್ಲ. “ಓಗ್ರಲಾ, ಮೊದ್ಲು ಒಟ್ಟೆ ನೋಡ್ಕಳಿ” ಎಂದು ತಾವೇ ಕಳಿಸುತ್ತಿದ್ದರು.

ಅಂಥದೇ ಸುಗ್ಗಿಯಲ್ಲಿ ಚಾಮರಾಜನಗರದಿಂದ ಸಾಹೇಬರೊಬ್ಬರು ತಪಾಸಣೆಗೆ ಬರುವ ಸುದ್ದಿ ಬಂತು. ಹಾಜರಿ ಕಡಿಮೆಯಾದರೆ ದಳವನ್ನೇ ಮುಚ್ಚುತ್ತಾರಂತೆ. ದಳ ಮುಚ್ಚುವುದು ನನಗಂತೂ ಬೇಡವಾಗಿತ್ತು. ಆ ಖಾಕಿ ತೊಟ್ಟ ಮೇಲೆಯೇ ಊರಿನ ಗಂಡಸರು ನನಗೆ ದಾರಿ ಬಿಡಲು ಕಲಿತದ್ದು.

ಕಮಾಂಡರ್ ಕೂಲಿಯಾಳುಗಳ ಮೇಸ್ತ್ರಿಯನ್ನು ಹಿಡಿದು ದಳದವರಿಗೆಲ್ಲ ನಮ್ಮೂರಿನ ಒಂದೇ ಅರಿಸಿನದ ಕಣದಲ್ಲಿ ಕೂಲಿ ಕೊಡಿಸಿದರು. ತಪಾಸಣೆಯ ದಿನ ಸಾಹೇಬರ ಜೀಪನ್ನು ಸೀದಾ ಅಲ್ಲಿಗೇ ತಂದರು. “ಉರಿ ತಗ್ಸು ಕಣಮ್ಮಿ, ಸಾಲ್ಗೆ ಬಾ!” ಎಂದು ಸೀಟಿ ಊದಿದರು. ಬೇಲಿಯ ಮೇಲಿದ್ದ ಖಾಕಿ ಅಂಗಿಗಳನ್ನು ಸಿಕ್ಕಿಸಿಕೊಂಡು ಓಡಿದೆವು. ಒಬ್ಬರೂ ತಪ್ಪಿಸಿರಲಿಲ್ಲ. ಸೆಲ್ಯೂಟ್ ಹೊಡೆದ ಕೈಗಳೆಲ್ಲ ಹಳದಿ, ಹಣೆಗಳಿಗೂ ಹಳದಿ ಹತ್ತಿತು.

ಸಾಹೇಬರು ನಗು ನುಂಗಿಕೊಂಡು, “ಏನ್ರೀ, ಸೇವಾ ಮನೋಭಾವ ಇಲ್ವಾ ಇವ್ರಿಗೆ? ಕೂಲಿಗೆ ಬಂದಿದ್ದಾರೆ!” ಎಂದರು.

“ಸೇವೆ ನಮ್ದೇ ಸ್ವಾಮಿ. ಬಸ್ಸು ನಮ್ದಲ್ವಲ್ಲ?” ಎಂದರು ಕಮಾಂಡರ್.

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ದಳ ಉಳಿಯಿತು. ಮುಂದಿನ ಸುಗ್ಗಿಯ ಹೊತ್ತಿಗೆ ಭತ್ಯೆಯ ಜೊತೆ ಬಸ್ಸಿನ ಖರ್ಚೂ ಸಿಗತೊಡಗಿತು. ಬಸ್ಸಿನ ಖರ್ಚು ಹುಟ್ಟದೆ ಹಿಂದೆಯೇ ದಳ ಬಿಟ್ಟುಹೋಗಿದ್ದವರೂ ಬೂಟು ಉಜ್ಜಿಕೊಂಡು ಬಂದರು. “ನೋಡಮ್ಮಿ, ದೇಶಭಕ್ತಿ ಬಸ್ಸತ್ಕಂಡು ಬತ್ತಾ ಅದೆ!” ಎಂದು ಕಮಾಂಡರ್ ಕಣ್ಣು ಮಿಟುಕಿಸಿದರು. ಅವರನ್ನು ಕಂಡರೆ ನನಗೆ ಬಲು ಪ್ರೀತಿ.

ಅವರು ತೀರಿಕೊಂಡಾಗ ಎಲ್ಲರೂ ಮಣ್ಣಿಗೆ ಹೋದೆವು, ಅವರೇ ಹೊಲಿದಿದ್ದ ಖಾಕಿಯಲ್ಲಿ. ಹರದನಹಳ್ಳಿಗೆ ಹೋಗಿ ನೆಲೆಸಿದ್ದ ನಮ್ಮವನೊಬ್ಬ ಸೆಲ್ಯೂಟ್ ಹೊಡೆದು, ಅಳುತ್ತಲೇ ನಕ್ಕ: “ಇವತ್ತಿನ್ ಬಸ್ ಚಾರ್ಜು ಯಾರ್ನ ಕೇಳನ, ಕಮಾಂಡ್ರೇ?”

ಎಲ್ಲರೂ ಕೈಯಿಂದ ದುಡ್ಡು ಹಾಕಿಕೊಂಡೇ ಬಂದಿದ್ದೆವು.