ಚಂಪಾಳ ಮುಂಗಾಲು

ಮೊನ್ನೆ ರಸೆಲ್ ಮಾರುಕಟ್ಟೆಯಲ್ಲಿ ಒಬ್ಬ ಸೂಜಿಮೆಣಸಿನಕಾಯಿಯ ಮೂಟೆ ಬಿಚ್ಚಿದ. ಘಾಟಿಗೆ ಸುತ್ತಲಿದ್ದವರೆಲ್ಲ ಕೆಮ್ಮಿದರು. ನಾನು ಕೆಮ್ಮಲಿಲ್ಲ, ಎರಡೂ ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡೆ. ಕೈಯಲ್ಲಿ ಏನೂ ಇರಲಿಲ್ಲ… ನೆನಪಾದದ್ದು ಮಗಳಿಗೆ ಕುದುರೆ ಸವಾರಿ ಕಲಿಸಿದ ಮೇಷ್ಟರು.

ಯಾರನ್ನೂ ದ್ವೇಷಿಸಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಆ ಮನುಷ್ಯನೊಬ್ಬನನ್ನು ಬಿಟ್ಟು ಉಳಿದವರ ವಿಷಯದಲ್ಲೆಲ್ಲ ನಾನು ಆ ಪಾಠವನ್ನು ಪಾಲಿಸಿದ್ದೇನೆ. ಮುಂದೆ ‘ಅವರು’ ಎಂದೇ ಬರೆಯುತ್ತೇನೆ. ಅದು ಅಭ್ಯಾಸ, ಗೌರವವಲ್ಲ.

ಏಳು ವರ್ಷದ ಹಿಂದಿನ ಮಾತು. ಗರುಡಾಚಾರ್‌ಪಾಳ್ಯ ದಾಟಿ, ಕಾರ್ಖಾನೆ ಶೆಡ್ಡುಗಳ ಹಿಂದೆ ಅವರ ಸವಾರಿ ಶಾಲೆ ಇತ್ತು. ದೊಮ್ಮಲೂರಿನಿಂದ ವಾರಕ್ಕೆ ಮೂರು ಬೆಳಿಗ್ಗೆ ಮಗಳನ್ನು ಕರೆದೊಯ್ಯುತ್ತಿದ್ದೆ. ಆಗ ಅವಳಿಗೆ ಹದಿಮೂರು. ಮೇಷ್ಟರ ಬೂಟಿನ ಮೇಲೆ ಒಂದು ದಿನವೂ ಧೂಳು ಕಂಡದ್ದಿಲ್ಲ. ಉಗುರುಗಳಂತೂ ನನ್ನವಕ್ಕಿಂತ ನೀಟು. ಹಿಂದಿನ ಜೇಬಿನಲ್ಲಿ ಸ್ಪರ್ಧೆಯ ನಿಯಮಗಳ ಪುಸ್ತಕ. ಮಡಚಿ ಮಡಚಿ ಪುಟಗಳ ತುದಿ ಬಟ್ಟೆಯಂತೆ ಮೆತ್ತಗಾಗಿತ್ತು. ಕುದುರೆಗೆ ಹಿಂಸೆಯಾಗದಿರಲೆಂದು ಬರೆದ ಪುಸ್ತಕ ಅದು. ಅವರು ಓದುತ್ತಿದ್ದುದು ಮಾತ್ರ ಬೇಲಿಯಲ್ಲಿ ಸಂದು ಹುಡುಕುವ ತುಡುಗು ದನದ ಹಾಗೆ.

ಮಗಳು ಸವಾರಿ ಮಾಡುತ್ತಿದ್ದ ಚಂಪಾ, ರೇಸಿನಿಂದ ಹೊರಬಿದ್ದ ಕಂದು ಬಣ್ಣದ ಹೆಣ್ಣುಕುದುರೆ. ಕ್ಯಾರೆಟ್ಟನ್ನು ಸದ್ದಿಲ್ಲದೆ ಅಗಿಯುವಷ್ಟು ಮರ್ಯಾದಸ್ಥ ಪ್ರಾಣಿ. ಅಡ್ಡಗಂಬಿ ಹಾರುವಾಗ ಮಾತ್ರ ಮುಂಗಾಲು ಎತ್ತಲು ಸೋಮಾರಿತನ. ಗೊರಸು ತಾಗಿ ಕಂಬಿ ಉರುಳುತ್ತಿತ್ತು, ಅಂಕ ಹೋಗುತ್ತಿತ್ತು.

ಸ್ಪರ್ಧೆಗೆ ನಾಲ್ಕು ದಿನವಿದ್ದಾಗ ಮೇಷ್ಟರು ನನ್ನನ್ನು ಪಕ್ಕಕ್ಕೆ ಕರೆದರು.

“ಮೇಡಂ, ಚಂಪಾಗೆ ಕಾಲು ಹಿಡ್ಕೊಂಡಿದೆ. ಡಾಕ್ಟರ್ ಮುಲಾಮೆಲ್ಲ ವೇಸ್ಟು. ಸೂಜಿಮೆಣಸು ನುಣ್ಣಗೆ ಅರೆದು ಎಣ್ಣೇಲಿ ಕಲಸಿ ಕೊಡ್ತೀರಾ? ನಮ್ಮಜ್ಜಿ ಕಾಲದ ಔಷಧಿ. ನಿಮ್ಮ ಕೈಗುಣ ಚೆನ್ನಾಗಿದೆ.”

ಕೈಗುಣ ಎಂದದ್ದಕ್ಕೆ ಉಬ್ಬಿಹೋದೆ. ನಮ್ಮತ್ತೆಯೂ ಮಂಡಿನೋವಿಗೆ ಇಂಥದೇ ಪಟ್ಟು ಹಾಕುತ್ತಿದ್ದರಲ್ಲ… ಮಾರುಕಟ್ಟೆಗೆ ಹೋಗಿ ಒಂದೊಂದಾಗಿ ಆರಿಸಿ ತಂದೆ, ಒರಳಿನಲ್ಲಿ ಅರೆದೆ, ಜಾಮ್ ಬಾಟಲಿಗೆ ತುಂಬಿ ಕೊಟ್ಟೆ. ಎರಡು ದಿನ ಅಂಗೈ ಉರಿಯಿತು.

ಸ್ಪರ್ಧೆಯ ದಿನ ಚಂಪಾ ಹಾರಿದ ರೀತಿಯೇ ಬೇರೆ. ಕಂಬಿಗಿಂತ ಒಂದು ಮೊಳ ಮೇಲೆ! ಮೊದಲ ಸುತ್ತಿನಲ್ಲಿ ಒಂದೂ ಉರುಳಲಿಲ್ಲ. ಜನ ಚಪ್ಪಾಳೆ ತಟ್ಟುತ್ತಿದ್ದರೆ ನನ್ನ ಕಣ್ಣು ಅದರ ಕಿವಿಗಳ ಮೇಲೆಯೇ ಇತ್ತು. ತಲೆಗೆ ಅಂಟಿಸಿದಂತೆ ಹಿಂದಕ್ಕೆ ಒತ್ತಿಕೊಂಡಿದ್ದವು. ಕೊನೆಯ ಸುತ್ತಿಗೆ ಮುಂಚೆ ಕ್ಯಾರೆಟ್ ಹಿಡಿದು ಲಾಯಕ್ಕೆ ಹೋದೆ. ತಿನ್ನಲಿಲ್ಲ. ಮುಂಗಾಲಿನ ಪಟ್ಟಿ ಬಿಚ್ಚಿದ್ದರು. ನೇವರಿಸಿದೆ. ಕೂದಲು ಉದುರಿ ಚರ್ಮ ಕೆಂಪೇರಿತ್ತು; ಚಂಪಾ ಕಾಲನ್ನು ಕಿತ್ತುಕೊಂಡಿತು. ನಿಮಿಷದಲ್ಲಿ ನನ್ನ ಅಂಗೈಯೂ ಉರಿಯತೊಡಗಿತು. ಆ ಉರಿ ನನಗೆ ಗುರುತಿತ್ತು. ಬೆಂದ ಕಾಲಿಗೆ ಕಂಬಿ ತಾಗಿದರೆ ಜೀವ ಹೋಗುವ ನೋವು. ಅದಕ್ಕೇ ಆ ಹಾರಾಟ…

ಪಕ್ಕದಲ್ಲೇ ನಿಂತಿದ್ದ ಮೇಷ್ಟರನ್ನು, “ಇದು ತಪ್ಪಲ್ವಾ?” ಎಂದು ಕೇಳಿದೆ.

“ತಪ್ಪೇ. ಪುಸ್ತಕದಲ್ಲೇ ಇದೆ, ಸಿಕ್ಕಿಬಿದ್ರೆ ಔಟು. ಆದ್ರೆ ಇಲ್ಲಿ ಟೆಸ್ಟು ಗಿಸ್ಟು ಏನಿಲ್ಲ ಮೇಡಂ, ಕೈಯಲ್ಲಿ ಮುಟ್ಟಿ ನೋಡ್ತಾರೆ ಅಷ್ಟೆ.” ನಕ್ಕರು. “ಮತ್ತೆ ಅರೆದೋರು ಯಾರು, ನಾನಾ? ಹೋಗಿ, ಮಗಳಿಗೆ ಹೆಲ್ಮೆಟ್ ಹಾಕಿ. ಇವತ್ತು ಗೆದ್ರೆ ರಾಜ್ಯದ ಟೀಮು.”

ನಾನು ಹೋಗಿ ಹಾಕಿದೆ. ಅದನ್ನೂ ಇಲ್ಲಿ ಬರೆಯಬೇಕು.

ಕುದುರೆಗಳ ಯೋಗಕ್ಷೇಮ ನೋಡಲು ಬಂದಿದ್ದ ಅಧಿಕಾರಿ ಹಲಸೂರಿನ ಒಬ್ಬ ವಯಸ್ಸಾದ ಹೆಂಗಸು. ಸಾಲಾಗಿ ಕಾಲು ಮುಟ್ಟಿ ನೋಡುತ್ತಾ ಬಂದರು. ಅಷ್ಟರಲ್ಲಿ ಚಂಪಾಳ ಮುಂಗಾಲಿಗೆ, ಕೆಂಪು ಕಾಣದಂತೆ, ಕೆಸರು ಬಳಿದಾಗಿತ್ತು. ಮೇಷ್ಟರು ಓಡಿಹೋಗಿ ಆಕೆಗೆ ಒಂದು ಜೊತೆ ರಬ್ಬರ್ ಗ್ಲೌಸು ಕೊಟ್ಟರು.

“ಕೆಸರು ಆಂಟಿ, ಯಾಕೆ ಕೈ ಗಲೀಜು ಮಾಡ್ಕೋತೀರ?”

ಆಕೆ ಥ್ಯಾಂಕ್ಸ್ ಹೇಳಿ ಹಾಕಿಕೊಂಡು ಮುಟ್ಟಿದರು. ಚಂಪಾ ಕಾಲೆಳೆದುಕೊಂಡಿತು.

“ಕಚಗುಳಿ ಆಂಟಿ ಅದಕ್ಕೆ. ಹೆಣ್ಣಲ್ವಾ, ನಾಚ್ಕೆ!”

ಆಕೆಯೂ ನಕ್ಕು ಮುಂದಿನ ಕುದುರೆಯ ಕಡೆ ತಿರುಗಿದರು. ಮಗಳು ಜೀನಿನ ಮೇಲಿಂದ ನನಗೆ ಹೆಬ್ಬೆರಳು ಎತ್ತಿ ತೋರಿಸಿದಳು. ಇನ್ನೊಂದು ಸುತ್ತು. ಹತ್ತು ಕಂಬಿ.

“ಮ್ಯಾಮ್, ಗ್ಲೌಸು ತೆಗೆದು ಮುಟ್ಟಿ,” ಎಂದೆ.

“ಏನಮ್ಮ?”

“ಮೆಣಸಿನಕಾಯಿ ಹಚ್ಚಿದಾರೆ. ಅರೆದಿದ್ದು ನಾನೇ.”

ಆಕೆ ಗ್ಲೌಸು ತೆಗೆದರು. ಮುಟ್ಟಿದರು. ಕಾದರು. ಆಮೇಲೆ ಮಗಳ ಕಡೆ ನೋಡಿ, “ಇಳಿ ಕಂದಾ,” ಎಂದರು.

ಮೇಷ್ಟರು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: “ಕಾನ್ವೆಂಟ್ ಬುದ್ಧಿ! ಹೆತ್ತ ಮಗಳ ತಟ್ಟೆಗೆ ಮಣ್ಣು ಹಾಕಿದ್ರಿ. ಈಗ ಹೋಗಿ ಪ್ರೇಯರ್ ಮಾಡ್ಕೊಳ್ಳಿ.”

ಮನೆಯವರೆಗೂ ಮಗಳು ಕಾರಿನ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ನಿಯಮ ಮೇಷ್ಟರನ್ನು ಕೆಲವು ತಿಂಗಳು ಸ್ಪರ್ಧೆಗಳಿಂದ ಹೊರಗಿಟ್ಟಿತು. ಅದೇ ಹೊಳೆಯುವ ಬೂಟಿನಲ್ಲಿ ವಾಪಸ್ ಬಂದರು. ಸ್ಪರ್ಧೆಯ ಮರುವಾರವೇ ನಾವು ಶಾಲೆಗೆ ಹೋದಾಗ ಚಂಪಾಳ ಲಾಯ ಖಾಲಿ. ಹುಲ್ಲನ್ನೂ ಗುಡಿಸಿ ಬಿಟ್ಟಿದ್ದರು.

“ಮಾರಿದೆ,” ಎಂದರು.

“ಯಾರಿಗೆ ಸರ್?” ಏಳು ದಿನಗಳ ನಂತರ ಮಗಳ ಬಾಯಿಂದ ಬಂದ ಮೊದಲ ಮಾತು ಅದು.

“ನಿಮಗೆ ಹೇಳ್ಬೇಕು ಅಂತ ಯಾವ ರೂಲಲ್ಲಿದೆ ಪುಟ್ಟಿ? ನಿಮ್ಮಮ್ಮನ್ನ ಕೇಳು, ರೂಲೆಲ್ಲ ಅವರಿಗೇ ಗೊತ್ತು.”

ನಿಯಮದ ಕೈ ಸ್ಪರ್ಧೆಯ ಮೈದಾನದ ಗೇಟಿನವರೆಗೆ ಮಾತ್ರ. ಅದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ವರ್ಷಗಟ್ಟಲೆ ಹಬ್ಬಕ್ಕೊಮ್ಮೆ, ಹುಟ್ಟುಹಬ್ಬಕ್ಕೊಮ್ಮೆ ಮಗಳು ಅವರಿಗೆ ಮೆಸೇಜ್ ಕಳಿಸಿ ಕೇಳಿದಳು. ಒಂದು ನಗುವ ಮುಖ ಬರುತ್ತಿತ್ತು, ಅಷ್ಟೆ. ಶಿವಾಜಿನಗರದಲ್ಲಿ ಮದುವೆಯ ಸಾರೋಟು ಕಂಡರೆ ಕಾರು ನಿಲ್ಲಿಸಲು ಹೇಳಿ, ಚಂಪಾ ಇರಬಹುದೇ ಎಂದು ಕುದುರೆಯ ಮುಂಗಾಲು ನೋಡಿ ಬರುತ್ತಿದ್ದಳು…

ಮೇಷ್ಟರು ಕಳೆದ ತಿಂಗಳು ತೀರಿಕೊಂಡರು. ಹಳೆಯ ಪೋಷಕರ ಮೊಬೈಲ್ ಗುಂಪಿನ ತುಂಬ ಮುಗಿದ ಕೈಗಳು. ‘ಕುದುರೆಗಳನ್ನು ಮಕ್ಕಳಂತೆ ಕಂಡವರು’ ಎಂದು ಯಾರೋ ಬರೆದಿದ್ದರು. ಮಗಳಿಗೆ ತೋರಿಸಿದೆ. ಓದಿ, ಫೋನನ್ನು ಮಗುಚಿ ಮೇಜಿನ ಮೇಲಿಟ್ಟಳು.

“ಅಮ್ಮ, ಚಂಪಾನ ಯಾರಿಗೆ ಕೊಟ್ರು ಅಂತ ಅವರೊಬ್ಬರಿಗೇ ಅಲ್ವಾ ಗೊತ್ತಿದ್ದಿದ್ದು?”

ಹೌದು ಎಂದೆ. ಆ ಸಾವಿನಿಂದ ನಮ್ಮ ಮನೆಗಾದ ನಷ್ಟ ಅದೊಂದೇ.